ಪೆಡಲಿನ ಮೇಲೆ ಇನ್ನೊಂದು ಕಾಲು

ಮಳೆ ಹಿಡಿದಾಗಿನಿಂದ ಬೆಟ್ಟಸ್ವಾಮಿಯವರ ಜೀಪಿಗೆ ಬ್ರೇಕ್ ಇರಲಿಲ್ಲ. ಹೆಂಡತಿ ತೀರಿಕೊಂಡು ನಾಳೆಗೆ ವರುಷ ತುಂಬುತ್ತಿತ್ತು.

ಹಾರನಹಳ್ಳಿ ಕಡೆಯ ಅವರ ಊರಿನಲ್ಲಿ, ಹಳ್ಳದ ಆಚೆಗಿನ ಬೆದ್ದಲು ಹೊಲದಲ್ಲಿ ಆಕೆಯನ್ನು ಮಣ್ಣು ಮಾಡಿದ್ದರು. ವರುಷ ತುಂಬುವುದರೊಳಗೆ ಸಮಾಧಿಯ ಮೇಲೆ ಲಿಂಗದ ಕಲ್ಲು ಇಡುತ್ತೇನೆಂದು ಬೆಟ್ಟಸ್ವಾಮಿ ಶಿವನ ಎದುರು ಹೇಳಿಕೊಂಡಿದ್ದರು. ಸರಗೂರಿನಲ್ಲಿ ಕೆತ್ತಿಸಿದ ಕಲ್ಲು ಬಂದು ಅಂಗಳದಲ್ಲಿ ಗೋಣಿಚೀಲ ಹೊದ್ದು ಕುಳಿತಿತ್ತು. ಅದನ್ನು ಜೀಪಿನಲ್ಲೇ ಒಯ್ಯಬೇಕು, ತಾವೇ ಓಡಿಸಬೇಕು ಎಂಬುದು ಅವರ ಹಟ. ಮದುವೆಯಾದ ಹೊಸತರಲ್ಲಿ ಹುಣಸೂರಿನ ಹರಾಜಿನಲ್ಲಿ ತಂದ ಜೀಪು ಅದು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡತಿ ಸೇರಿ ಅದನ್ನು ಸಾಕಿದ್ದರು. ಎಣ್ಣೆ ಬದಲಾಯಿಸುವುದು, ಸ್ಪ್ರಿಂಗ್ ಪಟ್ಟಿಗೆ ಗ್ರೀಸ್ ಹಾಕುವುದು, ಯಾವುದಕ್ಕೂ ಮೆಕ್ಯಾನಿಕ್ಕನ್ನು ಕರೆದವರಲ್ಲ.

ಪಕ್ಕದ ಮನೆಯ ಕಿರಣ್‌ಕುಮಾರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಇಳಿಸಿ ಬರುತ್ತ ಬೇಲಿಯ ಹತ್ತಿರ ನಿಂತ.

"ಮಾವ, ನನ್ ಟ್ರಾಕ್ಟ್ರಿಗೆ ಹಾಕಿದ್ರೆ ಬೀಡಿ ಸೇದೋವಷ್ಟರಲ್ಲಿ ಹೊಲ ಸೇರ್ಕತದೆ. ಈ ಮುದುಕನ್ನ ಯಾಕೆ ಎಬ್ಬಿಸ್ತೀರಿ?"

"ಮುದುಕ ಅಂದಿದ್ದು ನನ್ನನ್ನೋ ಜೀಪನ್ನೋ?"

"ಇಬ್ರನ್ನೂವೆ ಕಣ್ ಮಾವ." ಅವನು ನಗುತ್ತಲೇ ಹೇಳಿದ. ಆಮೇಲೆ ದನಿ ತಗ್ಗಿಸಿ, "ಹಳ್ಳದ ಇಳಿಜಾರು ಜಾರ್ತದೆ. ಬ್ರೇಕ್ ನಿಲ್ಲದಿದ್ರೆ ನಾನು ಬುಡಾಕಿಲ್ಲ ನೋಡಿ," ಎಂದ.

"ನಿಲ್ಲದಿದ್ರೆ ನಿನ್ ಟ್ರಾಕ್ಟ್ರೇ ತತ್ತಾ. ಸಾಯಂಕಾಲಕ್ಕೆ ಹೇಳ್ತೀನಿ."

ಬ್ರೇಕ್ ಎಣ್ಣೆ ಸೋರುತ್ತಿದ್ದ ಹಿಂದಿನ ಚಕ್ರವನ್ನು ಬಿಚ್ಚಿ, ಒಳಗೆ ಎಣ್ಣೆ ತಡೆಯುವ ಸವೆದ ರಬ್ಬರ್ ಕಪ್ಪುಗಳನ್ನು ತೆಗೆದು, ಪಿರಿಯಾಪಟ್ಟಣದಿಂದ ತಂದ ಹೊಸವನ್ನು ಅವರು ಒಬ್ಬರೇ ಕೂರಿಸಿದರು. ಹೊಸ ಬ್ರೇಕ್ ಎಣ್ಣೆಯನ್ನೂ ತುಂಬಿದರು. ಉಳಿದದ್ದು ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಹಾಕುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮೇಲೆ ಕುಳಿತು ಪೆಡಲನ್ನು ತುಳಿದು ಹಿಡಿಯಬೇಕು. ಕೆಳಗೆ ಮಲಗಿದವರು ಚಕ್ರದ ಹಿಂದಿನ ನಿಪ್ಪಲ್ಲನ್ನು ಸ್ಪ್ಯಾನರಿನಿಂದ ಸಡಿಲಿಸಿ, ಗಾಳಿ ಬುಸ್ ಎಂದು ಎಣ್ಣೆಯ ಜೊತೆ ಬಂದೊಡನೆ ಮತ್ತೆ ಬಿಗಿಯಬೇಕು. ಬಿಗಿದ ಮೇಲೆಯೇ ಮೇಲಿನವರು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೋದ ಗಾಳಿ ಹಿಂದಕ್ಕೆ ಬರುತ್ತದೆ. ಅಷ್ಟು ವರುಷವೂ ಮೇಲೆ ಕೂರುತ್ತಿದ್ದವರು ಆಕೆ.

ಸ್ಪ್ಯಾನರ್ ಹಿಡಿದು ಅವರು ಖಾಲಿ ಸೀಟನ್ನು ನೋಡುತ್ತ ನಿಂತರು. ಪೆಡಲಿಗೆ ಕೋಲು ಒತ್ತುಕೊಟ್ಟು ನೋಡಿದರು. ಪೆಡಲು ತಗ್ಗುತ್ತಲೇ ಕೋಲು ಜಾರಿ ಬಿತ್ತು.

ಮಧ್ಯಾಹ್ನದ ಬಸ್ಸಿಗೆ ಕೆ.ಆರ್. ನಗರದಿಂದ ನಾದಿನಿ ಶಿವರುದ್ರಮ್ಮ ಬಂದಳು. ತೀರಿಕೊಂಡವಳ ಒಬ್ಬಳೇ ತಂಗಿ, ಅವಳೂ ಗಂಡನನ್ನು ಕಳೆದುಕೊಂಡವಳು. ನಾಳೆಯ ಎಡೆಗೆಂದು ಬಂದವಳನ್ನು, ಕಾಲು ತೊಳೆದುಕೊಂಡ ಕೂಡಲೇ, ಭಾವ ಜೀಪು ಹತ್ತಿಸಿದರು.

"ನನ್ ಕಾಲು ಮುದ್ದೆ ತಿರುವೋಕೆ ಕುಂತು ಕುಂತು ಹಿಡ್ಕಂಡದೆ ಭಾವ. ಇದ್ಯಾವ ಹೊಸಾ ಗಾಣ?"

"ತುಳಿ ಅಂದ್ರೆ ತುಳಿ. ಬುಡು ಅಂದ್ರೆ ಬುಡು. ಅಷ್ಟೇಯ."

ಅವರು ಗೋಣಿ ಹಾಸಿ, "ಶಿವಾ" ಎಂದು ಜೀಪಿನ ಅಡಿಗೆ ತೆವಳಿದರು. ಪೆಡಲಿಗೆ ತೀರ ದೂರದ ಚಕ್ರದಿಂದ ಶುರುಮಾಡಿದರು. ತುಳಿ ಎಂದರು. ನಿಪ್ಪಲ್ಲಿನ ಕೆಳಗೆ ಕರಟ ಹಿಡಿದು ಸಡಿಲಿಸಿದರು. ಎಣ್ಣೆ ಕರಟದಿಂದ ಹೊರಗೆ ಚಿಮ್ಮಿ ಕೆನ್ನೆಯ ಮೇಲೆ ಬಿತ್ತು.

"ಥೂ, ಬುಡತ್ಲಾಗೆ."

ಮೇಲೆ ಪೆಡಲು ಟಪ್ಪೆಂದು ಎದ್ದಿತು. ನಿಪ್ಪಲ್ ಇನ್ನೂ ತೆರೆದೇ ಇತ್ತು. ಗಾಳಿ ಒಳಕ್ಕೆ ಹೋದ ಸದ್ದು ಅವರಿಗೆ ಕೇಳಿಸಿತು.

"ಯಾಕ್ ಬುಟ್ಟೆ?"

"ನೀವೇ ಬುಡು ಅಂದ್ರಲ್ಲ."

"ಅದು ಎಣ್ಣೆಗೆ ಅಂದಿದ್ದು ಕಣೆ."

ಎರಡನೆಯ ಸಲ ಸ್ಪ್ಯಾನರ್ ಜಾರಿತು, ಆಗಲೂ ಬಾಯಿಗೆ ಅದೇ ಮಾತು ಬಂತು. ಅವಳು ಮತ್ತೆ ಕಾಲೆತ್ತಿದಳು. ಮೂರನೆಯ ಸಲ ನಿಜವಾಗಿಯೂ ಬಿಡು ಎಂದರು, ಅವಳು ಅನುಮಾನದಲ್ಲಿ ಬಿಡಲೇ ಇಲ್ಲ. ಬೆಟ್ಟಸ್ವಾಮಿ ರೇಗಿದರು. ರುದ್ರಮ್ಮ ಸುಮ್ಮನಿರುವವಳಲ್ಲ.

"ನಿಮ್ ಬಾಯಲ್ಲಿ ದಿನಾ ಬೆಳಗಾದ್ರೆ ಬುಡು ಬುಡು ಅನ್ನೋದೇಯ. ಯಾವುದು ಕೆಲಸದ್ದು, ಯಾವುದು ಬೈಗುಳದ್ದು ನಂಗೆಂಗೆ ತಿಳೀಬೇಕು? ಅಕ್ಕ ಎಂಗೆ ತಿಳ್ಕಂತಿದ್ಲು?"

ಅವರು ಜೀಪಿನ ಹೊಟ್ಟೆಗೆ ಮೆತ್ತಿದ ಒಣಗಿದ ಕೆಸರನ್ನೇ ನೋಡುತ್ತ ಮಲಗಿದ್ದರು. ಇಷ್ಟು ವರುಷ ಇದೇ ಬಾಯಿ, ಇದೇ ಮಾತು. ಆಕೆ ಒಂದು ಸಲವೂ ತಪ್ಪಿ ಕಾಲೆತ್ತಿದ್ದು ನೆನಪಿಲ್ಲ. ದನಿಯಲ್ಲಿ ಏನನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು? ಕೇಳಬೇಕೆಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ. ಈಗ ಕೇಳುವುದಕ್ಕೆ ಆಕೆಯೇ ಇಲ್ಲ.

"ಗೊತ್ತಿಲ್ಲ ಕಣವ್ವ," ಎಂದರು.

ಮೇಲಿನಿಂದ ರುದ್ರಮ್ಮನೇ ಮೆತ್ತಗೆ ಹೇಳಿದಳು: "ಬೇರೆ ಮಾತು ಇಟ್ಕಳಾಣ ಬುಡಿ ಭಾವ."

"ಶಿವಾ ಅಂತೀನಿ."

"ಚೆನ್ನಾಗದೆ. ನೀವು ಕೂತ್ರೂ ಶಿವ, ಎದ್ರೂ ಶಿವ. ನಾನು ಕುಣೀತಾ ಇರಬೇಕಾಯ್ತದೆ. ನಿಮ್ ಬಾಯಿಗೆ ತಂತಾನೇ ಬರದೇ ಇರೋ ಮಾತು ಹೇಳಿ." ಅವಳು ಯೋಚಿಸಿದಳು. "ಅಕ್ಕನ ಹೆಸರು ಹೇಳಿ. ಅದನ್ನ ನೀವು ಯಾವತ್ತೂ ಅಂದೋರಲ್ಲ."

ಅದು ನಿಜ. ಹೆಂಡತಿಯನ್ನು ಹೆಸರು ಹಿಡಿದು ಕೂಗುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಅವರಿಗೆ ಆಕೆ "ಇಗಾ", "ಕೇಳ್ತಾ", ಹೆಚ್ಚೆಂದರೆ "ಒಳಗಿದೀಯಾ". ಆಸ್ಪತ್ರೆಯಲ್ಲಿ ಹೆಸರೇನೆಂದು ನರ್ಸ್ ಕೇಳಿದಾಗಲೂ ಆಧಾರ್ ಕಾರ್ಡನ್ನೇ ಮುಂದೆ ಹಿಡಿದಿದ್ದರು.

"ತುಳಿ," ಎಂದರು. ಪೆಡಲು ಇಳಿಯಿತು. ಸಡಿಲಿಸಿದರು, ಗಾಳಿ ಬಂತು, ಬಿಗಿದರು.

"ಸಿದ್ದಲಿಂಗಮ್ಮ."

ಮೇಲೆ ಕಾಲು ಎದ್ದಿತು.

ಹಾಗೆಯೇ ನಡೆಯಿತು. ಮೊದಲು ಸಂಕೋಚದಲ್ಲಿ, ಯಾರೋ ಪರರ ಮನೆಯ ಹೆಣ್ಣುಮಗಳನ್ನು ಕರೆದಂತೆ ಕರೆದರು. ಎರಡನೆಯ ಚಕ್ರಕ್ಕೆ ಬರುವಷ್ಟರಲ್ಲಿ ನಾಲಿಗೆಗೆ ಒಗ್ಗಿತು. ಕರೆದಾಗಲೆಲ್ಲ ಪೆಡಲು ಓಗೊಡುತ್ತಿತ್ತು. ಬೇಲಿಯಾಚೆ ಆಳಿನ ಜೊತೆ ಮಾತಾಡುತ್ತಿದ್ದ ಕಿರಣ್‌ಕುಮಾರ ಆ ಹೆಸರು ಕೇಳಿ ಮಾತು ನಿಲ್ಲಿಸಿದ್ದನ್ನು ಅವರು ಗಮನಿಸಲಿಲ್ಲ.

ಕೊನೆಯ ಚಕ್ರದಲ್ಲಿ ಎಣ್ಣೆ ನೊರೆಯಿಲ್ಲದೆ ತಿಳಿಯಾಗಿ ಬಂತು. ನಿಪ್ಪಲ್ ಬಿಗಿದರು. ಕೆಲಸ ಮುಗಿದಿತ್ತು. ಅವರು ಹೇಳಬೇಕಾದ್ದನ್ನು ಹೇಳದೆ ಹಾಗೇ ಮಲಗಿದ್ದರು.

"ಭಾವ."

ಅವರು ಸ್ಪ್ಯಾನರನ್ನು ಗೋಣಿಯ ಮೇಲೆ ಇಟ್ಟರು.

"ಭಾವ, ಕಾಲು ನಡುಗ್ತದೆ. ಹೇಳಿ."

"ಇರು," ಎಂದರು. ಆಮೇಲೆ ಹೇಳಿದರು, ಬಹಳ ಮೆಲ್ಲಗೆ. ಅವಳಿಗೆ ಕೇಳಿಸಿತೋ ಇಲ್ಲವೋ, ಕಾಲಂತೂ ಎತ್ತಿದಳು.

ಮಾರನೆಯ ಬೆಳಿಗ್ಗೆ ಕಿರಣ್‌ಕುಮಾರ ತನ್ನ ಆಳನ್ನು ಕರೆತಂದು ಕಲ್ಲನ್ನು ಜೀಪಿಗೆ ಏರಿಸಿದ. ಇಬ್ಬರೂ ಬೈಕಿನಲ್ಲಿ ಮುಂದೆ ಹೋದರು. ಎಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ರುದ್ರಮ್ಮ ಪಕ್ಕದಲ್ಲಿ ಕುಳಿತಳು. ಹಳ್ಳದ ಇಳಿಜಾರಿನಲ್ಲಿ ಕೆಮ್ಮಣ್ಣು ಸೋಪಿನಂತೆ ಹೊಳೆಯುತ್ತಿತ್ತು. ಬೆಟ್ಟಸ್ವಾಮಿ ಮೊದಲನೆಯ ಗೇರಿಗೆ ಹಾಕಿ, ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತ ಇಳಿಸಿದರು. ನಡುವೆ ಒಂದು ಕಡೆ ಪೂರ್ತಿ ತುಳಿದು ನೋಡಿದರು. ಜೀಪು ನಿಂತಿತು. ಕಲ್ಲು ಅಲುಗಲಿಲ್ಲ.

ಸಮಾಧಿಯ ತಲೆದೆಸೆಯಲ್ಲಿ ಕಲ್ಲನ್ನು ನಿಲ್ಲಿಸಿ, ಬುಡಕ್ಕೆ ಮಣ್ಣು ಗಟ್ಟಿಸಿದರು. ನೀರು ಎರೆದರು. ವಿಭೂತಿ ಹಚ್ಚಿ, ತುಂಬೆ ಹೂವಿಟ್ಟು, ಎಡೆ ತೋರಿಸಿದರು. ಕಿರಣ್‌ಕುಮಾರ ಕೈಮುಗಿದು, ಬ್ಯಾರನ್ನಿನ ಬೆಂಕಿ ನೋಡಬೇಕೆಂದು ಆಳಿನೊಡನೆ ಹೊರಟುಹೋದ.

ಬೆಟ್ಟಸ್ವಾಮಿ ಕೈ ಒರೆಸಿಕೊಂಡು ಅತ್ತಿತ್ತ ನೋಡಿದರು. ವರುಷವೆಲ್ಲ ಕಲ್ಲಿನದೊಂದು ಯೋಚನೆ ಇತ್ತು, ಆಮೇಲೆ ಜೀಪಿನದು. ಇನ್ನು ಆಕೆಗೆಂದು ಮಾಡಬೇಕಾದ ಕೆಲಸ ಯಾವುದೂ ಉಳಿದಿರಲಿಲ್ಲ.

ರುದ್ರಮ್ಮ ಬುಟ್ಟಿ ಎತ್ತಿಕೊಂಡಳು. "ಹೊರಡಾಣ್ವಾ ಭಾವ?"

"ಇರವ್ವ. ಇಂಜಿನ್ ಕಾದದೆ, ಒಸಿ ಆರ್ಲಿ."

ಊರಿನಿಂದ ಹೊಲಕ್ಕೆ ಒಂದು ಕೂಗಿನಷ್ಟು ದೂರ. ಇಂಜಿನ್ ಬೆಚ್ಚಗೂ ಆಗಿರಲಿಲ್ಲ. ರುದ್ರಮ್ಮ ಬುಟ್ಟಿಯನ್ನು ಮತ್ತೆ ಕೆಳಗಿಟ್ಟು, ಸೆರಗು ತಲೆಗೆ ಎಳೆದುಕೊಂಡು, ಬದುವಿನ ಮೇಲೆ ಕುಳಿತಳು.