ಎರಡೂ ಕೂಡಿದಾಗ

"ಇನ್ನೊಮ್ಮೆ ಹಾಕು" ಎಂದ ನರಹರಿ.

ಮೃದುಲಾ ಮಗುವಿನ ತೂಕವನ್ನು ಮತ್ತೆ ಟೈಪ್ ಮಾಡಿದಳು. ಮೂತ್ರಪಿಂಡ ದುರ್ಬಲ ಎಂಬಲ್ಲಿ ಗುರುತು ಹಾಕಿ ಎಂಟರ್ ಒತ್ತಿದಳು. ದಪ್ಪ ಮಾನಿಟರಿನ ಮೇಲೆ ಮತ್ತೆ ಅದೇ ಅಂಕಿ ಬಂತು. ನಾಗಪುರದ ರಾಮದಾಸಪೇಠದ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದೂ ಇದನ್ನೇ. ಹಾಲುಗಲ್ಲದ ಕೂಸಿಗೆ ದೊಡ್ಡವರ ಲೆಕ್ಕದ ಔಷಧ. ನಿನ್ನೆ ಮಧ್ಯಾಹ್ನ ಅಷ್ಟನ್ನೂ ಅದರ ರಕ್ತಕ್ಕೆ ಹರಿಸಿದ್ದರು, ಫೋನ್ ಬಂದಾಗ ಕೂಸು ಐಸಿಯುನಲ್ಲಿತ್ತು.

ನರಹರಿ ಕುರ್ಚಿಗೆ ಒರಗಿದ. ಔಷಧದ ಪ್ರಮಾಣ ಲೆಕ್ಕ ಹಾಕುವ ಈ ತಂತ್ರಾಂಶವನ್ನು ಪರೀಕ್ಷಿಸಿ 'ಸರಿ ಇದೆ' ಎಂದವನು ಅವನೇ. ಯಾವ ಬಗೆಯಲ್ಲಿ ಪರೀಕ್ಷಿಸಬೇಕು ಎಂದು ಆರಿಸಿದವನೂ ಅವನೇ.

ಬ್ಯಾಂಕಿನ ತಂತ್ರಾಂಶಗಳಲ್ಲಿ ತಲೆ ನರೆಸಿಕೊಂಡ ಮನುಷ್ಯ ಅವನು. ಅಲ್ಲಿನ ತಪ್ಪುಗಳು ಬಹುಪಾಲು ಗಡಿಯಲ್ಲೇ ಅವಿತಿರುತ್ತಿದ್ದವು: ಇಷ್ಟರವರೆಗೆ ಹಣ ತೆಗೆಯಬಹುದು, ಅದಕ್ಕಿಂತ ಒಂದು ಪೈಸೆ ಹೆಚ್ಚಾದರೆ ಕೂಡದು. ಗಡಿಯ ಈಚೆ, ಆಚೆ, ನಟ್ಟನಡುವೆ ತಟ್ಟಿ ನೋಡಿದರೆ ಮುಗಿಯಿತು. ಇಲ್ಲಿಯೂ ಹಾಗೆಯೇ ಮಾಡಿದ್ದ. ತೂಕ ಕಡಿಮೆಯಿದ್ದರೆ ಔಷಧ ಇಳಿಸಬೇಕು ಎಂಬ ನಿಯಮ ಒಂದು ಹಾಳೆಯಲ್ಲಿತ್ತು, ಮೂತ್ರಪಿಂಡ ಕೆಟ್ಟಿದ್ದರೆ ಇಳಿಸಬೇಕು ಎಂಬುದು ಇನ್ನೊಂದರಲ್ಲಿ. ಒಂದೊಂದು ಹಾಳೆಯನ್ನೂ ಬೇರೆಬೇರೆಯಾಗಿ ತಟ್ಟಿ ನೋಡಿದ, ಎಲ್ಲವೂ ಪಾಸಾಯಿತು. ಎರಡೂ ಒಂದೇ ಮೈಯಲ್ಲಿ ಕೂಡಿದಾಗ ಎರಡನೆಯ ನಿಯಮ ಮೊದಲನೆಯದನ್ನು ಅಳಿಸಿಹಾಕುತ್ತದೆ ಎಂಬುದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಮೃದುಲಾಗೆ ಅನುಮಾನ ಬಂದಿತ್ತು. ಷರತ್ತುಗಳನ್ನೆಲ್ಲ ಒಂದೇ ಕೋಷ್ಟಕದಲ್ಲಿ ಬರೆದು, ಹೌದು-ಅಲ್ಲಗಳನ್ನು ಎಲ್ಲ ರೀತಿಯಲ್ಲೂ ಜೋಡಿಸಿ ನೋಡೋಣ, ಡಿಸಿಷನ್ ಟೇಬಲ್ ಮಾಡೋಣ ಎಂದು ಕೇಳಿದ್ದಳು. ಪುಸ್ತಕದ ಬದನೆಕಾಯಿ ಎಂದು ನರಹರಿ ಎಲ್ಲರೆದುರು ಗೇಲಿ ಮಾಡಿದ್ದ.

ಕಂಪನಿಯ ಮಾಲೀಕ ಶ್ರೀಶ ಕ್ಯಾಬಿನ್ನಿನಿಂದ ಬಂದು ಕೋಣೆಯ ಬಾಗಿಲು ಮುಚ್ಚಿದ. ದನಿ ತಗ್ಗಿಸಿ ಹಿಂದಿಯಲ್ಲಿ ಮಾತಾಡಿದ. ತೂಕ ಟೈಪ್ ಮಾಡಿದ ನರ್ಸಿನ ಮೇಲೆ ಆಸ್ಪತ್ರೆಯವರು ವಿಚಾರಣೆ ಶುರುಮಾಡಿದ್ದಾರಂತೆ. ಅವಳೇ ತಪ್ಪು ಒತ್ತಿದ್ದಾಳೆಂದು ಅವರಿಗೆ ಬಹುತೇಕ ಖಾತ್ರಿಯಾಗಿದೆಯಂತೆ. ಕೇಳುವವರೆಗೆ ನಾವಾಗಿ ಬಾಯಿ ಬಿಡುವುದು ಬೇಡ ಎಂದು ಹೇಳಿ ಹೋದ.

ಸತ್ಯ ಹೇಳಬೇಕೆಂದರೆ ನರಹರಿಗೆ ಒಂದು ಕ್ಷಣ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆ ನರ್ಸ್ ವಿಜಯಾ ಅವನಿಗೆ ಗೊತ್ತು, ವಿಜಾಪುರದ ಕಡೆಯವಳು. ತಂತ್ರಾಂಶ ಹಾಕಲು ಹೋದಾಗ ಅವಳು ಪ್ರತಿಯೊಂದು ಔಷಧವನ್ನೂ ಚೀಟಿಯ ಮೇಲೆ ಎರಡೆರಡು ಸಲ ಕೂಡಿ ಕಳೆದು ನೋಡುತ್ತಿದ್ದಳು. ಇನ್ನು ಕೈಲೆಕ್ಕ ಬಿಡ್ರಿ ಸಿಸ್ಟರ್, ಅದರ ಕೆಲಸ ಅದು ಮಾಡ್ತದ ಎಂದು ಅವನೇ ಹೇಳಿದ್ದ. ನಾಗಪುರದಲ್ಲಿ ಕನ್ನಡ ಕೇಳಿದ ಸಂತೋಷಕ್ಕೆ ಅವಳು ನಂಬಿಬಿಟ್ಟಿದ್ದಳು.

ಅಷ್ಟರಲ್ಲಿ ಮೃದುಲಾ ಬಿಳಿ ಹಲಗೆಯ ಮೇಲೆ ಅಂದು ಬೇಡವೆಂದಿದ್ದ ಕೋಷ್ಟಕವನ್ನು ಬರೆದು, ಒಂದೊಂದೇ ಜೋಡಿಯನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದಳು. ಮನೆಯಲ್ಲಷ್ಟೇ ಅವನನ್ನು ಕಾಕಾ ಎನ್ನುತ್ತಿದ್ದ ಅಣ್ಣನ ಮಗಳು ಇಂದು ಆಫೀಸಿನಲ್ಲಿಯೂ ಹಾಗೆಯೇ ಕರೆದಳು.

"ಕಾಕಾ, ಇನ್ನೂ ಎರಡು ಕಡೆ ಹಿಂಗೇ ಆಗ್ತದ. ವಾರ್ಡಿನ್ಯಾಗ ಬ್ಯಾರೆ ಮಕ್ಕಳೂ ಅದಾವ."

ನರಹರಿ ಎದ್ದ. ಶ್ರೀಶನ ಕ್ಯಾಬಿನ್ನಿನ ಕಡೆ ನೋಡಲಿಲ್ಲ. ಮೇ ತಿಂಗಳ ಬಿಸಿಗಾಳಿಗೆ ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಆಸ್ಪತ್ರೆಗೆ ನಡೆದೇ ಹೋದ. ದಾರಿಯುದ್ದಕ್ಕೂ ಕೂಸು ಉಳಿಯಲಿ, ಉಳಿದರೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎಂದು ಯಾರನ್ನೋ ಬೇಡುತ್ತಿದ್ದ.

ಮಕ್ಕಳ ವಾರ್ಡಿನ ಮುಂದಿನ ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು. ಯಾರೂ ಅದನ್ನು ಮುಟ್ಟುತ್ತಿಲ್ಲ ಎಂದು ವಾರ್ಡ್‌ಬಾಯ್ ಹೇಳಿದ. ವಿಜಯಾ ವರಾಂಡದ ಕೊನೆಯಲ್ಲಿ ಕುಳಿತಿದ್ದಳು. ಮೈಮೇಲೆ ಸಮವಸ್ತ್ರವಿರಲಿಲ್ಲ, ಹಸಿರು ಸೀರೆಯಿತ್ತು. ವಿಚಾರಣೆಗೆ ಕರೆಯುವುದನ್ನು ಕಾಯುತ್ತಿದ್ದಳು. ನರಹರಿ ನಿಂತುಕೊಂಡೇ ಎಲ್ಲ ಹೇಳಿದ.

"ಹಂಗಾರ ನಾ ಬರೋಬರ್ ಹಾಕಿದ್ನೇನ್ರಿ?"

"ಬರೋಬರ್ ಹಾಕಿದ್ರಿ. ತಪ್ಪು ನಂದು. ಈಗ ಡಾಕ್ಟರ್ ಮುಂದ ಬಂದು ಹೇಳ್ತೀನಿ."

ವಿಜಯಾ ಎದ್ದು ಐಸಿಯು ಕಡೆ ಕೈ ತೋರಿಸಿದಳು.

"ಅವರ ಮುಂದ ಆಮ್ಯಾಲೆ ಹೇಳ್ರಿ. ಕೂಸು ಮುಂಜಾನೆ ಹೋತು. ಈ ಸಿಸ್ಟರೇ ಕೊಂದ್ಲು ಅಂತ ತಿಳ್ಕೊಂಡು ಕೂತಾಳ ಅದರ ಅವ್ವ. ಮೊದಲ ಆಕಿಗೆ ಹೇಳ್ರಿ."

ಅವಳು ಕೈ ತೋರಿಸಿದ ಕಡೆ ನರಹರಿ ನಡೆದ. ಐಸಿಯು ಹೊರಗಿನ ಬೆಂಚಿನ ಮೇಲೆ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಒಬ್ಬಳೇ ಕುಳಿತಿದ್ದಳು. ಗಂಡ ಶವ ಬಿಡಿಸಿಕೊಳ್ಳುವ ಓಡಾಟದಲ್ಲಿದ್ದನೇನೋ. ಅವಳ ಪಕ್ಕದ ಬಟ್ಟೆಯ ಚೀಲದಿಂದ ಹಾಲಿನ ಬಾಟಲಿಯ ತುದಿ ಕಾಣುತ್ತಿತ್ತು. ಮರಾಠಿಯಲ್ಲಿ ಹೇಗೆ ಶುರುಮಾಡಲಿ ಎಂದು ನರಹರಿ ಮಾತು ಹುಡುಕುತ್ತ ಎದುರಿಗೆ ನಿಂತ.

ಅವಳು ತಲೆಯೆತ್ತಿ ನೋಡಿದಳು. ಒಳಗೆ ತನ್ನವರಾರನ್ನೋ ಸೇರಿಸಿ ಬಂದು ನಿಂತವನಿರಬೇಕು ಎಂದುಕೊಂಡಳೋ ಏನೋ, ಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಅವನಿಗೆ ಜಾಗ ಬಿಟ್ಟು ಸರಿದಳು.

"ಬಸಾ, ಭಾವೂ" ಎಂದಳು, ಕುಳಿತುಕೊಳ್ಳಿ ಅಣ್ಣಾ ಎಂದು.