ತೊಂಬತ್ತು ಮಾರು

ರಾಟೆ ತಿರುಗುತ್ತಲೇ ಇತ್ತು, ಎಳೆ ಮಾತ್ರ ಒಮ್ಮೆಲೇ ಸಡಿಲವಾಯಿತು. ತಲೆಯೆತ್ತಿ ನೋಡಿದೆ. ದೂರದಲ್ಲಿ ನನ್ನ ಗಂಡ ಅಂಗಾತ ಬಿದ್ದಿದ್ದ. ಸೊಂಟಕ್ಕೆ ಸುತ್ತಿಕೊಂಡಿದ್ದ ನಾರು ಎದೆಯ ಮೇಲೆಲ್ಲ ಹರಡಿತ್ತು.

"ಎದ್ದೇಳೋ! ನಡೀತಾ ನಡೀತಾನೇ ನಿದ್ದೆ ಹೋದ್ಯಾ?" ನಾರು ಬಾಚುತ್ತಿದ್ದ ಅತ್ತೆ ಕೂತಲ್ಲಿಂದಲೇ ಕೂಗಿದರು.

"ಕಲ್ಲು ಕಣಮ್ಮಾ! ಯಾರೋ ಇಲ್ಲಿ ಕಲ್ಲು ನೆಟ್ಟಿದಾರೆ!"

ಓಡಿದೆವು. ದಾರಿಯ ನಟ್ಟನಡುವೆ ಮೊಣಕಾಲೆತ್ತರದ ಕಲ್ಲು. ಹಳದಿ ಬಣ್ಣ ಇನ್ನೂ ಒಣಗಿರಲಿಲ್ಲ, ಅವನ ಪ್ಯಾಂಟಿಗೆಲ್ಲ ಮೆತ್ತಿತ್ತು. ನಾವು ಊಟಕ್ಕೆ ಒಳಗೆ ಹೋಗಿದ್ದ ಅರ್ಧ ಗಂಟೆಯಲ್ಲಿ ಬಂದು ನೆಟ್ಟು ಹೋಗಿದ್ದರು.

ಹಗ್ಗ ಹೊಸೆಯುವವರು ಹಿಂದಕ್ಕೆ ನಡೆಯುತ್ತಾರೆ, ಹಿಂದೆ ನೋಡುವುದಿಲ್ಲ. ಕಣ್ಣೆಲ್ಲ ಎಳೆಯ ಮೇಲೆ. ಅದಕ್ಕೇ ನಮ್ಮ ಸಾಲಿನ ಐದು ಮನೆಯ ಹೆಂಗಸರು ದಿನಾ ಬೆಳಿಗ್ಗೆ ದಾರಿ ಗುಡಿಸುತ್ತೇವೆ, ಒಂದು ಹರಳೂ ಉಳಿಯದ ಹಾಗೆ. ಅರವತ್ತು ಮಾರಿನ ಹಗ್ಗಕ್ಕೆ ತೊಂಬತ್ತು ಮಾರಿನ ಎಳೆ ಬೇಕು. ಹುರಿ ಹಾಕಿದಾಗ ಮೂರರಲ್ಲೊಂದು ಪಾಲು ಒಳಗೇ ಸೇರಿಹೋಗುತ್ತದೆ. ಲಾರಿಯವರು, ದೋಣಿಯವರು ಕೇಳುವುದು ಅರವತ್ತು ಮಾರು. ಗಂಟು ಹಾಕಿ ಉದ್ದ ಮಾಡಿದ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ.

ಈ ತೊಂಬತ್ತು ಮಾರಿನ ನಡುವೆ ಎರಡು ನಗರಗಳ ಗಡಿ ಹಾದುಹೋಗುತ್ತದೆ. ರಾಟೆ ಗುಡ್ಡದ ನಗರದಲ್ಲಿ, ಮನೆಗಳು ನದಿಯ ನಗರದಲ್ಲಿ. ನಲ್ಲಿ ಕೇಳಲು ಹೋದರೆ ನದಿಯವರು, "ನಿಮ್ಮ ಕಸುಬು ಆ ಕಡೆ, ಅಲ್ಲೇ ಕೇಳಿ" ಎಂದರು. ಗುಡ್ಡದವರು, "ನಿಮ್ಮ ಒಲೆ ಈ ಕಡೆ ಇಲ್ಲವಲ್ಲ" ಎಂದರು. ಮೂವತ್ತು ವರ್ಷ ಇಬ್ಬರಿಗೂ ಬೇಡವಾಗಿದ್ದೆವು. ಅದೇ ನೆಮ್ಮದಿಯಾಗಿತ್ತೆಂದು ಆಗ ಗೊತ್ತಿರಲಿಲ್ಲ.

"ಅಮ್ಮಾ," ಗಂಡ ಕಲ್ಲನ್ನೇ ನೋಡುತ್ತ ಹೇಳಿದ, "ಇದು ನಾನು ಗೂಟ ಹೊಡೆದ ಜಾಗ."

ಹದಿನೈದು ದಿನದ ಹಿಂದೆ ಅಳತೆಯವನೊಬ್ಬ ಬಂದಿದ್ದ. ಅವನ ಟೇಪು ಗಾಳಿಗೆ ಹಾವಿನ ಹಾಗೆ ಹೊರಳುತ್ತಿತ್ತು. ಗಂಡ ನಕ್ಕು ನಮ್ಮದೇ ಹಗ್ಗ ತಂದ. "ಬಿಡಿ ಸಾರ್, ನಾನು ಕಣ್ಣು ಮುಚ್ಕೊಂಡೂ ನೇರ ನಡೀತೀನಿ." ಹಿಂದಕ್ಕೆ ನಡೆದು, ಹಗ್ಗ ಬಿಗಿದು, ಹತ್ತು ಮಾರಿಗೊಂದರಂತೆ ಗೂಟ ಹೊಡೆದುಕೊಟ್ಟ. ಅಳತೆಯವನು ಒಂದು ಕಣ್ಣು ಮುಚ್ಚಿ ನೋಡಿ, "ಎಲಾ ಇವನಾ! ಕೂದಲೆಳೆಯಷ್ಟೂ ಸೊಟ್ಟ ಇಲ್ಲ" ಎಂದ. ಯಾತಕ್ಕೆ ಎಂದು ನಾವು ಕೇಳಲಿಲ್ಲ. ಅವನು ಗೂಟ ಕಿತ್ತು, ಸುಣ್ಣದ ಗುರುತು ಬಿಟ್ಟು ಹೋದ. ಆ ದಿನ ನನ್ನ ಗಂಡ ಎರಡು ತುತ್ತು ಹೆಚ್ಚಿಗೇ ಉಂಡಿದ್ದ.

ಕಲ್ಲಿನ ಮೇಲಿದ್ದ ಹೆಸರು ಹುಡುಕಿಕೊಂಡು ಮರುದಿನ ಮೂವರೂ ಹೋದೆವು. ಎರಡು ನಗರಗಳ ಜಂಟಿ ಯೋಜನಾ ಪ್ರಾಧಿಕಾರ. ಹೊಸ ಕಚೇರಿ, ಹೊಸ ಕುರ್ಚಿ. ಗೋಡೆಯ ಮೇಲೆ ಎರಡೂ ನಗರಗಳ ಲಾಂಛನ ಅಕ್ಕಪಕ್ಕ. ಕನ್ನಡಕದ ಅಧಿಕಾರಿ ಆಕಾಶದಿಂದ ತೆಗೆದ ಫೋಟೋ ಒಂದನ್ನು ಮೇಜಿನ ಮೇಲೆ ಹರಡಿದರು. ಮನೆಗಳ ತಗಡು ಕಾಣುತ್ತಿತ್ತು. ನಮ್ಮ ದಾರಿ ಬರೀ ಬಿಳಿ ಗೀರು. ರಾಟೆಯನ್ನು ಸಂಜೆ ಒಳಗಿಡುತ್ತೇವೆ, ಹಗ್ಗ ಸುತ್ತಿಡುತ್ತೇವೆ. ಅಲ್ಲಿ ಯಾರೂ ಬದುಕಿದ ಹಾಗೇ ಇರಲಿಲ್ಲ.

"ಖಾಲಿ ಜಾಗ ಅಲ್ವೇನಮ್ಮಾ? ಎರಡೂ ಊರು ಸೇರಿ ಹುಡುಕಿದ್ರೂ ಇಷ್ಟು ನೇರ, ಇಷ್ಟು ಚೊಕ್ಕ ಜಾಗ ಇದೊಂದೇ ಸಿಕ್ಕಿದ್ದು. ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ."

"ಚೊಕ್ಕ ಇರೋದು ನಾವು ಗುಡಿಸೋದಕ್ಕೆ ಸಾರ್," ಎಂದೆ.

"ಗುಡಿಸಿದೋರಿಗೆ ಸ್ವಂತ ಆಗೋ ಹಾಗಿದ್ರೆ ಈ ಆಫೀಸು ಅವಳದು!" ಮೂಲೆಯಲ್ಲಿ ಕಸ ಗುಡಿಸುತ್ತಿದ್ದವಳನ್ನು ತೋರಿಸಿ ನಕ್ಕರು. ಅವಳು ನಗಲಿಲ್ಲ, ಇನ್ನಷ್ಟು ಬಗ್ಗಿದಳು.

"ಬೇಡ ಅನ್ನೋಕೆ ಎಲ್ಲಿ ಅರ್ಜಿ ಕೊಡ್ಬೇಕು?" ನಾನೇ ಕೇಳಿದೆ.

"ಇಲ್ಲೇ. ಎರಡೂ ನಗರದಿಂದ ವಾಸದ ಪತ್ರ ತನ್ನಿ."

"ಗುಡ್ಡದ ಕಡೆ ವಾಸ ಇಲ್ಲ ಸಾರ್. ಬರೀ ಕೆಲಸ."

"ಹಾಗಾದ್ರೆ ಅರ್ಧ ಜಾಗಕ್ಕೆ ಕೊಡಿ."

"ಅರ್ಧ ಜಾಗ ಇಟ್ಕೊಂಡು ಏನು ಮಾಡೋದಪ್ಪಾ?" ಅತ್ತೆ ಕೇಳಿದರು.

"ಅರ್ಧ ಹಗ್ಗ ಮಾಡಿ. ಮನೆಗಳೂ ರಸ್ತೆಗೆ ಹೋಗ್ತವೆ ನಿಜ, ಆದ್ರೆ ನಾವೇನು ಬೀದಿಗೆ ಹಾಕ್ತಿಲ್ಲ, ಮನೆಗೊಂದು ಕೋಣೆ ಕೊಡ್ತೀವಿ. ನಾಲ್ಕನೇ ಮಹಡಿ."

"ಎಷ್ಟುದ್ದ?"

"ಹನ್ನೆರಡಡಿ."

"ಎರಡು ಮಾರು." ಅತ್ತೆ ಕೈ ಚಾಚಿ ಗಾಳಿಯಲ್ಲೇ ಅಳೆದರು. "ಅಷ್ಟುದ್ದದ ಹಗ್ಗ ಒಂದೇ ಒಂದು ಕೆಲಸಕ್ಕೆ ಬರೋದು, ಸ್ವಾಮಿ."

ಅಧಿಕಾರಿ ಫೋಟೋ ಸುತ್ತಿಟ್ಟರು.

ವಾರದೊಳಗೆ ಹತ್ತು ಮಾರಿಗೊಂದು ಕಲ್ಲು ಎದ್ದಿತು, ಒಂದೂ ಸೊಟ್ಟ ಇರಲಿಲ್ಲ. ಬಳಸಿ ನಡೆದರೆ ಎಳೆ ಕಲ್ಲಿಗೆ ಉಜ್ಜಿ ಹರಿಯಿತು. ಎರಡು ಮನೆಯವರು ಕೋಣೆಗೆ ಹೋದರು. ಉಳಿದವರು ನಮ್ಮ ಜೊತೆ ಮಾತು ಬಿಟ್ಟರು. "ಗೂಟ ಹೊಡೆದೋನ ಮನೆ" ಎಂದು ನನಗೆ ಕೇಳಿಸುವ ಹಾಗೇ ಆಡಿಕೊಂಡರು. ದಾರಿಯ ತುದಿಯಲ್ಲಿ ಮಣ್ಣು ಅಗೆಯುವ ಯಂತ್ರ ಬಂದು ನಿಂತಿತು. ಮೂರು ದಿನವಾದರೂ ಡ್ರೈವರ್ ಬರಲಿಲ್ಲ. ಅದು ಸುಮ್ಮನೆ ನಮ್ಮ ಬಾಗಿಲುಗಳ ಕಡೆ ಮುಖ ಮಾಡಿ ನಿಂತಿತ್ತು.

ನಾಲ್ಕನೇ ದಿನ ಬಂದವನು ಅಳತೆಯವನು. ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದ.

"ತಮ್ಮಾ, ನಿನ್ನ ಮೇಲೆ ನಂಗೆ ಅಭಿಮಾನ. ಸಾಹೇಬರ ಹತ್ತಿರ ಮಾತಾಡಿದೀನಿ. ಪ್ರಾಧಿಕಾರದಲ್ಲೇ ಕೆಲಸ. ಹಗ್ಗ ಹಿಡಿಯೋದು, ಗೂಟ ಹೊಡೆಯೋದು. ಕಾಯಂ ಕೆಲಸ ಕಣೋ! ತಿಂಗಳು ತಿಂಗಳು ಸಂಬಳ."

ಮನೆಯಲ್ಲಿ ಎರಡು ದಿನದ ಅಕ್ಕಿಯಿತ್ತು. ಸುಳ್ಳೇಕೆ ಹೇಳಲಿ, ಒಪ್ಪಲಿ ಎಂದೇ ನನಗನ್ನಿಸಿತು. ಅತ್ತೆ ನೆಲ ನೋಡುತ್ತಿದ್ದರು. ಪಕ್ಕದ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು.

"ಮೊದಲ ಕೆಲಸ ಎಲ್ಲಿ ಸಾರ್?" ಗಂಡ ಕೇಳಿದ.

"ನಾಳೆನೇ. ಬಟ್ಟೆ ಒಗೆಯೋರು ಒಣಗಿ ಹಾಕ್ತಾರಲ್ಲ, ಆ ಮೈದಾನ. ಅದೂ ಗಡಿ ಮೇಲೇ ಇದೆ."

"ಅವರಿಗೆ ಗೊತ್ತಾ?"

"ಗೊತ್ತಾದ್ರೆ ಅಳೆಯೋಕೆ ಬಿಡ್ತಾರಾ? ಅದಕ್ಕೇ ನೀನು ಬೇಕಾಗಿರೋದು. ನಾನು ಹೋದ್ರೆ ಹತ್ತು ಪ್ರಶ್ನೆ ಕೇಳ್ತಾರೆ. ನಿನ್ನ ಮುಖ ನೋಡಿದ್ರೆ ಅವರೇ ಬಂದು ಹಗ್ಗ ಹಿಡ್ಕೋತಾರೆ."

ಅವನು ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ಪೆನ್ನನ್ನೂ ಅದರ ಮೇಲಿಟ್ಟ.

"ಬರಲ್ಲ," ಎಂದ ನನ್ನ ಗಂಡ.

"ಸಂಬಳ ಕಮ್ಮಿ ಆಯ್ತಾ? ಅದನ್ನೂ ಮಾತಾಡೋಣ..."

"ಬರಲ್ಲ."