ಬೀಗ ಒಡೆದವರ ದೇಶ

ಬಟ್ಟೆ ಕಾರ್ಖಾನೆಯ ಹಿಂಬಾಗಿಲಿಗೆ ಶಿಫ್ಟಿನುದ್ದಕ್ಕೂ ಬೀಗ ಹಾಕಿರುತ್ತಿದ್ದರು. ಹೆಂಗಸರು ಬಟ್ಟೆ ಕದ್ದೊಯ್ಯುತ್ತಾರೆಂದು ಮಾಲೀಕನ ಗುಮಾನಿ. ಇಸ್ತ್ರಿ ವಿಭಾಗದಲ್ಲಿ ಹೊತ್ತಿದ ಬೆಂಕಿ ಮೆಟ್ಟಿಲಿಗೆ ಹಬ್ಬಿದಾಗ ಒಳಗಿದ್ದವರಿಗೆ ಉಳಿದದ್ದು ಆ ಬಾಗಿಲೊಂದೇ. ಅಲ್ಲಿ ಹೊಲಿಗೆಗೆ ಹೋಗುತ್ತಿದ್ದ ಅಕ್ಕ-ತಂಗಿಯರಲ್ಲಿ ಅಕ್ಕ ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಕಾಲರ್ ಹೊಲಿಯುತ್ತಿದ್ದ ತಂಗಿ ಬಾಗಿಲ ಬುಡದಲ್ಲೇ ಸಿಕ್ಕಳು. ಅವಳ ಉಗುರುಗಳು ಕಿತ್ತುಹೋಗಿದ್ದವು.

ಮಸಿ ತೊಳೆದು, ಸುಣ್ಣ ಬಳಿದು ಕಾರ್ಖಾನೆ ಮತ್ತೆ ಶುರುವಾಯಿತು. ಹಿಂಬಾಗಿಲಿಗೆ ಹೊಸ ಬೀಗ ಬಿತ್ತು. ಹೊಟ್ಟೆ ಕೇಳಬೇಕಲ್ಲ, ಅಕ್ಕ ಹೋಗಿ ಮಿಷನ್ನಿನ ಮುಂದೆ ಕೂತಳು.

ಕಾರ್ಮಿಕ ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಜೈಲು ಕಂಡ, ಕಪಟವರಿಯದ ಮನುಷ್ಯ. ಶೋಷಣೆ, ವರ್ಗಹಿತ ಎಂದು ಚೌಕದಲ್ಲಿ ಗಂಟಲು ಹರಿದುಕೊಂಡರೂ ಜನ ನಿಲ್ಲದೆ ಸಭೆಯನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದರು.

“ಈ ಸಲ ನಾನು ಮಾತಾಡ್ಲಾ ಮೇಷ್ಟ್ರೇ? ಉಗ್ರಾಣದ ಕಥೆ ಹೇಳ್ತೀನಿ,” ಎಂದಳು ಅಕ್ಕ.

ಆ ಕಥೆ ಗೊತ್ತಿಲ್ಲದ ಮಗು ದೇಶದಲ್ಲಿರಲಿಲ್ಲ. ಹೊರಗಿನವರು ಆಳುತ್ತಿದ್ದಾಗ ತೆರಿಗೆ ಕೊಡದವರನ್ನು ಉಗ್ರಾಣದಲ್ಲಿ ಕೂಡಿಹಾಕಿ ಬೀಗ ಜಡಿದಿದ್ದರು. ಊರವರು ಕೊಡಲಿ ಹಿಡಿದು ಹೋಗಿ ಆ ಬೀಗ ಒಡೆದರು. ಸ್ವಾತಂತ್ರ್ಯದ ಹೋರಾಟ ಹೊತ್ತಿಕೊಂಡದ್ದೇ ಅಲ್ಲಿ.

ಮೇಷ್ಟ್ರ ಮುಖ ಗಂಟಾಯಿತು. “ಅದು ಆಳೋರ ಕಥೆ ಕಣಮ್ಮ. ಅದನ್ನ ಹೇಳ್ಕೊಂಡೇ ನಮ್ಮ ಮೇಲೆ ಲಾಠಿ ಬೀಸ್ತಾರೆ.”

“ಒಡೆದೋರು ನಮ್ಮಂಥೋರೇ ಅಲ್ವಾ? ಆ ಕಥೇನ ಆಳೋರು ಬಾಚ್ಕೊಂಡ್ರು ಅಂತ ನಮ್ದನ್ನ ನಾವು ಬಿಟ್ಕೊಡೋದಾ?”

ಅಕ್ಕ ಚೌಕದಲ್ಲಿ ದನಿ ಏರಿಸದೆ ಮಾತಾಡಿದಳು. “ನಮ್ಮ ಮುತ್ತಜ್ಜಂದಿರು ಬೀಗ ಒಡೆದ್ರು ಅಂತ ಶಾಲೇಲಿ ಎದೆಯುಬ್ಬಿಸಿ ಹೇಳಿದ್ವಿ. ನನ್ನ ತಂಗೀನೂ ಹೇಳಿದ್ಲು. ಅವಳು ಸತ್ತಿದ್ದು ಬೀಗ ಹಾಕಿದ ಬಾಗಿಲ ಹಿಂದೆ. ಹಾಕಿದೋನು ಹೊರಗಿನೋನಲ್ಲ. ಈ ದೇಶದಲ್ಲಿ ಮನುಷ್ಯರನ್ನ ಕೂಡಿಹಾಕಬಹುದಾ, ನೀವೇ ಹೇಳಿ.”

ಚಪ್ಪಲಿ ಹೊಲಿಯುವವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಸೈನ್ಯದಿಂದ ನಿವೃತ್ತನಾದ ಮುದುಕನೊಬ್ಬ ಟೋಪಿ ತೆಗೆದ.

ಮರುದಿನ ಕಾರ್ಖಾನೆಯ ಮುಂದೆ ಜನ ಜಮಾಯಿಸಿದರು. ಮುಂದಿನ ಸಾಲಿನಲ್ಲಿ ಆ ಮುದುಕ, ಎದೆಯ ಮೇಲೆ ಪದಕಗಳು. ಇನ್ಸ್‌ಪೆಕ್ಟರ್ ಮಾಲೀಕನನ್ನು ಪಕ್ಕಕ್ಕೆ ಕರೆದ. “ಬೀಗ ತೆಗೆಸಿಬಿಡಿ ಸ್ವಾಮಿ. ಇವರ ಮೇಲೆ ಕೈ ಮಾಡಿದ್ರೆ ನಮ್ಮನೇಲೇ ನಂಗೆ ಊಟ ಹಾಕಲ್ಲ.”

ಬೀಗ ತೆಗೆದರು.

ಸ್ವಾತಂತ್ರ್ಯದ ದಿನ ಮಾಲೀಕ ಬಾವುಟ ಹಾರಿಸಿ, “ಉಗ್ರಾಣದ ವೀರರ ವಂಶ ನಮ್ಮದು. ನಮ್ಮಲ್ಲಿ ಬೀಗಗಳಿಲ್ಲ,” ಎಂದ. ಜನ ಚಪ್ಪಾಳೆ ತಟ್ಟಿದರು. ಆ ವಾರವೇ ಕೈ ನಿಧಾನವೆಂಬ ನೆಪದಲ್ಲಿ ಅಕ್ಕನನ್ನು ಕೆಲಸದಿಂದ ತೆಗೆದರು. ಬೇರೆ ಯಾವ ಕಾರ್ಖಾನೆಯೂ ಅವಳನ್ನು ಒಳಗೆ ಬಿಡಲಿಲ್ಲ.

ಅವಳು ಸಹಾಯ ಕೇಳಲು ಆ ಪದಕದ ಮುದುಕನ ಮನೆಗೆ ಹೋದಳು. ಅವನು ಬಾಗಿಲಲ್ಲೇ ನಿಂತು ಹೇಳಿದ: “ಬೀಗ ತೆಗೆದ್ರಲ್ಲಮ್ಮ, ಇನ್ನೇನು? ಮತ್ತೆ ಗಲಾಟೆ ಮಾಡಿದ್ರೆ ದೇಶಕ್ಕೇ ಕೆಟ್ಟ ಹೆಸರು.”

ಸಂಜೆ ಮೇಷ್ಟ್ರು ಅವಳ ಮನೆಗೆ ಬಂದು ಜಗಲಿಯ ಮೇಲೆ ಕೂತರು.

“‘ನಾನು ಮೊದಲೇ ಹೇಳಿರ್ಲಿಲ್ವಾ’ ಅಂದುಬಿಡಿ,” ಎಂದಳು ಅಕ್ಕ.

“ಹೇಗಮ್ಮ ಅನ್ಲಿ? ನನ್ನ ಮಾತಿಗೆ ಒಂದು ಚಿಲಕಾನೂ ಅಲ್ಲಾಡಿರ್ಲಿಲ್ಲ.”

ಕಿರಿಮಗಳು ಸತ್ತ ಮೇಲೆ ಅಮ್ಮನ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಒಳಗಿನಿಂದ ಕೂಗಿ ಕೇಳಿದಳು: “ಬಾಗಿಲು ತೆಗೆದ್ರಂತಲ್ಲೇ, ಚಿಕ್ಕೋಳು ಯಾಕಿನ್ನೂ ಬಂದಿಲ್ಲ?”

ಅಕ್ಕ ಎದ್ದು ಒಳಗೆ ಹೋಗಿ, ಅಮ್ಮನ ಪಕ್ಕದಲ್ಲಿ ಕೂತು, ಕೆದರಿದ ಅವಳ ಕೂದಲನ್ನು ಬಾಚತೊಡಗಿದಳು.